ಮೃದಂಗ ಬಿಟ್ಟರೆ ವಿಜ್ಞಾನ ಹೆಚ್ಚು ಬಂದೀತೆ?

ಪ್ರಶ್ನೆ: ಒಂಬತ್ತನೇ ತರಗತಿಯಲ್ಲಿರುವ ನನ್ನ ಮಗಳು ಐದು ವರ್ಷಗಳಿಂದ ಮೃದಂಗ ಕಲಿಯುತ್ತಿದ್ದಾಳೆ. ವಿಜ್ಞಾನದಲ್ಲೂ ಆಸಕ್ತಿಯಿದೆ. ‘ಎರಡು ದೋಣಿಯಲ್ಲಿ ಕಾಲಿಡುವುದು ಬೇಡ, ಮೃದಂಗ ಬಿಡಿಸಿ’ ಎಂದು ಮನೆಯ ಹಿರಿಯರು ಹೇಳುತ್ತಾರೆ. ಸೃಜನಶೀಲತೆ ಹುಟ್ಟಿನಿಂದ ಬರುವಂಥದ್ದೇ, ಬೆಳೆಸಬಹುದೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ದಯವಿಟ್ಟು ಬಿಡಿಸಬೇಡಿ. ನಿಮ್ಮ ಮಗಳು ದಿನವೂ ನುಡಿಸುವ ಆ ವಾದ್ಯವೇ ಸಿ.ವಿ. ರಾಮನ್ ಅವರ ಸಂಶೋಧನೆಯ ವಸ್ತುವಾಗಿತ್ತು. ಬಿಗಿದ ಸಾದಾ ಚರ್ಮವನ್ನು ಬಾರಿಸಿದಾಗ ಮೂಲಸ್ವರದ ಜೊತೆಗೆ ಹೊಮ್ಮುವ ಮೊದಲ ಉಪಸ್ವರದ ಕಂಪನಾಂಕ ಮೂಲಸ್ವರದ ಸುಮಾರು 1.59 ಪಟ್ಟು, ಮುಂದಿನದು 2.14 ಪಟ್ಟು, ಹೀಗೆ ಎರಡು, ಮೂರು ಎಂಬ ಪೂರ್ಣ ಪಟ್ಟುಗಳಲ್ಲಿ ಏರದಿರುವುದರಿಂದ ಆ ಸದ್ದಿಗೆ ಖಚಿತವಾದ ಶ್ರುತಿ ಇರುವುದಿಲ್ಲ. ಹಾಗಿದ್ದರೆ ಮೃದಂಗ, ತಬಲಾಗಳು ತಂಬೂರಿಯೊಂದಿಗೆ ಶ್ರುತಿ ಕೂಡುವುದು ಹೇಗೆ? ಈ ಪ್ರಶ್ನೆಯನ್ನು ಹಿಡಿದ ರಾಮನ್ 1920ರಲ್ಲಿ ಚಿಕ್ಕ ಬರಹವೊಂದನ್ನೂ, ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ವಿಸ್ತಾರವಾದ ಪ್ರಬಂಧವನ್ನೂ ಪ್ರಕಟಿಸಿದರು. ಚರ್ಮದ ಮೇಲೆ ನುಣ್ಣನೆಯ ಮರಳು ಉದುರಿಸಿ, ಬಾರಿಸಿದಾಗ ಅದು ಯಾವ ಗೆರೆಗಳಲ್ಲಿ ನಿಲ್ಲುತ್ತದೆಂದು ನೋಡಿದರು. ಚರ್ಮದ ನಡುವೆ ಬಳಿದ ಕಪ್ಪು ಲೇಪದ, ಅಂದರೆ ಕರಣೆಯ, ಭಾರದಿಂದ ಒಂಬತ್ತು ಬಗೆಯ ಕಂಪನಗಳು ಐದು ಸುಸಂಗತ ಸ್ವರಗಳಾಗಿ ಕೂಡುತ್ತವೆಂದು ತೋರಿಸಿದರು.

ನನಗಂತೂ ಕರಣೆ ಹಾಕಿದವರ ಬುದ್ಧಿಯೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ಕಲ್ಲಿನ ಪುಡಿಯನ್ನು ಅನ್ನದೊಂದಿಗೆ ನಾದಿ, ತೆಳುವಾಗಿ ಬಳಿದು, ನುಣುಪುಗಲ್ಲಿನಿಂದ ಉಜ್ಜಿ, ಬಾರಿಸಿ ಕೇಳಿ, ಮತ್ತೊಂದು ಪದರ ಹಾಕುವ ಆ ಕುಶಲಕರ್ಮಿಗಳು ಕಿವಿಯನ್ನೇ ನೆಚ್ಚಿಕೊಂಡು ಇದೇ ಸಮಸ್ಯೆಯನ್ನು ರಾಮನ್‌ಗಿಂತ ಬಹಳ ಮೊದಲೇ ಬಿಡಿಸಿದ್ದರು. ಹುಟ್ಟಿನಿಂದ ಬರುವ ಒಲವು ಇದ್ದೀತು; ಆದರೆ ಒಂದು ವಸ್ತುವಿನ ಬಳಿ ಬಹುಕಾಲ ಕುಳಿತು, ಚಿಕ್ಕದೊಂದು ಬದಲಾವಣೆ ಮಾಡಿ, ಏನಾಯಿತೆಂದು ಗಮನಿಸುವ ಅಭ್ಯಾಸವನ್ನು ಕಲಿಯಬಹುದು, ಕಲಿಸಲೂಬಹುದು.

ಮನೆಯಲ್ಲೇ ಆರಂಭಿಸಿ. ‘ನಂ’ ಎಂಬ ಹೊಡೆತವನ್ನು ನುಡಿಸುವಾಗ ಉಂಗುರ ಬೆರಳು ಚರ್ಮವನ್ನು ಹಗುರವಾಗಿ ತಾಗಿರುತ್ತದೆ. ಆ ಬೆರಳನ್ನು ಎತ್ತಿದರೆ, ಇಲ್ಲವೇ ತುಸು ಜರುಗಿಸಿದರೆ ನಾದ ಹೇಗೆ ಬದಲಾದೀತೆಂದು ಅವಳು ಮೊದಲು ಊಹಿಸಿ ಬರೆದಿಡಲಿ, ಆಮೇಲೆ ಬಾರಿಸಿ ನೋಡಲಿ. ತಪ್ಪಿದ ಊಹೆಗೆ ಬೈಯಬೇಡಿ, ಅದನ್ನು ಅಳಿಸಲೂ ಬಿಡಬೇಡಿ. ಹಿರಿಯರ ಆತಂಕ ಸಮಯದ ಕುರಿತಾಗಿದ್ದರೆ ಅದು ನ್ಯಾಯವೇ. ಪರೀಕ್ಷೆಯ ತಿಂಗಳುಗಳಲ್ಲಿ ಅಭ್ಯಾಸವನ್ನು ದಿನಕ್ಕೆ ಅರ್ಧ ಗಂಟೆಗೆ ಇಳಿಸುವ ಬಗ್ಗೆ ಅವಳ ಗುರುಗಳೊಂದಿಗೆ ಮಾತನಾಡಿ.