ಓಸ್ಲೋಗೆ ಹೊಸದಾಗಿ ಬಂದವರಿಗೆ ಟೊಪ್‌ಸೇರಿಯೆನ್ ಸೀಸನ್

ಬೆಂಗಳೂರಿನಿಂದ ಈಗಷ್ಟೇ ಓಸ್ಲೋಗೆ ಬಂದಿದ್ದೀರಿ. ಮಗಳಿಗೆ ಫುಟ್‌ಬಾಲ್ ಹುಚ್ಚು, ಇಲ್ಲಿನ ಹೆಂಗಸರ ಲೀಗ್ ಟೊಪ್‌ಸೇರಿಯೆನ್ ಯಾವಾಗ ನಡೆಯುತ್ತೆ, ನೋಡಲು ಹೋಗೋದು ಹೇಗೆ ಅಂತ ಕೇಳಿದ್ದೀರಿ. ಮೊದಲು ಕ್ಯಾಲೆಂಡರ್ ವಿಷಯ ತಲೆಯಲ್ಲಿ ಕೂರಿಸಿಕೊಳ್ಳಿ, ಉಳಿದದ್ದೆಲ್ಲ ಅದರಿಂದಲೇ ಅರ್ಥವಾಗುತ್ತೆ.

ಇಂಗ್ಲೆಂಡ್, ಸ್ಪೇನ್‌ಗಳಲ್ಲಿ ಸೀಸನ್ ಬೇಸಿಗೆ ಮುಗಿದ ಮೇಲೆ ಶುರುವಾಗಿ ಮುಂದಿನ ಮೇವರೆಗೆ ನಡೆಯುತ್ತೆ. ಇಲ್ಲಿ ಚಳಿಗಾಲದಲ್ಲಿ ಮೈದಾನ ಹಿಮದಡಿ ಇರುತ್ತೆ, ಹಾಗಾಗಿ ಟೊಪ್‌ಸೇರಿಯೆನ್ ಮಾರ್ಚ್‌ನಲ್ಲಿ ಶುರುವಾಗಿ ನವೆಂಬರ್‌ನಲ್ಲಿ ಮುಗಿಯುತ್ತೆ. ಜುಲೈ ಹೊತ್ತಿಗೆ ಇಡೀ ದೇಶವೇ ರಜೆ ಹೋಗುತ್ತೆ, ಲೀಗ್ ಕೂಡ ಬಾಗಿಲು ಹಾಕುತ್ತೆ. ಊರಿಂದ ಬರುವ ನೆಂಟರಿಗೆ ಪಂದ್ಯ ತೋರಿಸುವ ಆಸೆಯಿದ್ದರೆ ಜುಲೈ ಬಿಟ್ಟು ಟಿಕೆಟ್ ಮಾಡಿಸಿ.

2023, 2024ರ ಸೀಸನ್‌ಗಳನ್ನೇ ತಗೊಳ್ಳಿ: ಹತ್ತು ತಂಡ, ಪ್ರತಿ ಎದುರಾಳಿ ಜೊತೆ ಮೂರು ಸಲ, ಒಟ್ಟು 27 ಪಂದ್ಯ. ಮೂರು ಬೆಸಸಂಖ್ಯೆ ಅಲ್ವಾ, ತಕರಾರು ಅಲ್ಲೇ. ಐದು ತಂಡಗಳಿಗೆ ತವರಲ್ಲಿ 14 ಪಂದ್ಯ ಸಿಕ್ಕರೆ ಇನ್ನೈದಕ್ಕೆ 13. ಪ್ರಶಸ್ತಿಗೆ ಪೈಪೋಟಿ ಮಾಡುವ ಇಬ್ಬರಲ್ಲಿ ಮೂರನೇ ಭೇಟಿ ಯಾರ ಅಂಗಳದಲ್ಲಿ ಅನ್ನೋದನ್ನು ವೇಳಾಪಟ್ಟಿ ಬಂದ ದಿನವೇ ನೋಡಿಟ್ಟುಕೊಳ್ಳಿ. 2022ರಲ್ಲಿ ಬೇರೆ ಪ್ರಯೋಗ ಮಾಡಿದ್ದರು, 18 ಪಂದ್ಯ ಆದ ಮೇಲೆ ಪಟ್ಟಿಯನ್ನೇ ಎರಡಾಗಿ ಸೀಳಿ ಮೇಲಿನ ನಾಲ್ವರನ್ನು ಬೇರೆ ಆಡಿಸಿದ್ದರು. ಅದು ಹೋದದ್ದೇ ಒಳ್ಳೆಯದಾಯಿತು.

ಜೂನ್‌ನ ಅಂಕಪಟ್ಟಿ ನಂಬಬೇಡಿ. ಇಲ್ಲಿ ಅರ್ಧ ಸೀಸನ್ ಆಗಿರುವಾಗಲೇ ಜರ್ಮನಿ, ಇಂಗ್ಲೆಂಡ್, ಸ್ಪೇನ್ ಕ್ಲಬ್‌ಗಳು ಹೊಸ ಸೀಸನ್‌ಗೆ ಆಟಗಾರ್ತಿಯರನ್ನು ಹುಡುಕುತ್ತಾ ಬರುತ್ತವೆ. ವಸಂತದಲ್ಲಿ ಗೋಲು ಮೇಲೆ ಗೋಲು ಹೊಡೆದ ಹುಡುಗಿ ಸೆಪ್ಟೆಂಬರ್‌ನಲ್ಲಿ ತಂಡದಲ್ಲೇ ಇರೋದಿಲ್ಲ. ಯುರೋಪಿನ ಪಂದ್ಯಗಳೂ ತಾಳಕ್ಕೆ ಬರೋದಿಲ್ಲ. 2024ರ ಮಾರ್ಚ್‌ನಲ್ಲಿ ಬರ್ಗನ್‌ನ ಬ್ರಾನ್ ತಂಡ ಚಾಂಪಿಯನ್ಸ್ ಲೀಗ್ ಕ್ವಾರ್ಟರ್‌ಫೈನಲ್‌ನಲ್ಲಿ ಬಾರ್ಸಿಲೋನಾವನ್ನು ಎದುರಿಸಿತು. ಎದುರಾಳಿ ತಿಂಗಳುಗಟ್ಟಲೆ ಆಡಿ ಲಯದಲ್ಲಿತ್ತು, ಬ್ರಾನ್‌ಗೆ ಆಗಿನ್ನೂ ತನ್ನ ಸೀಸನ್ ಕಣ್ಣು ಬಿಡುತ್ತಿತ್ತು. ಅದೇ ವರ್ಷ ಶರತ್ಕಾಲದಲ್ಲಿ ಓಸ್ಲೋದ ವೋಲೆರೆಂಗಾ ತಂಡದ ಸರದಿ: ವಾರದ ಮಧ್ಯೆ ಆರ್ಸೆನಲ್, ಬಯರ್ನ್, ಯುವೆಂಟಸ್, ವಾರಾಂತ್ಯಕ್ಕೆ ಲೀಗ್. ಆದರೂ 2023ರ ಹಾಗೆ 2024ರಲ್ಲೂ ಪ್ರಶಸ್ತಿ ಅವರದೇ.

ಓಸ್ಲೋದಲ್ಲಿದ್ದೀರಿ ಅಂದರೆ ವೋಲೆರೆಂಗಾದಿಂದಲೇ ಶುರು ಮಾಡಿ. ಮೈದಾನ ವಾಲೆ ಹೋವಿನ್‌ನ ಇಂಟಿಲಿಟಿ ಅರೆನಾ, ಮೆಟ್ರೋದಲ್ಲಿ ಹೆಲ್ಸ್‌ಫೀರ್‌ನಲ್ಲಿಳಿದು ನಡೆದರೆ ಆಯಿತು. ಹುಲ್ಲು ಕೃತಕ. ಇಲ್ಲಿ ಬಹುಪಾಲು ಮೈದಾನಗಳು ಹಾಗೇ, ಇಲ್ಲದಿದ್ದರೆ ಮಾರ್ಚ್‌ನಲ್ಲಿ ಆಡೋದೇ ಕಷ್ಟ. 2014ರಿಂದ 2019ರವರೆಗೆ ಸತತ ಆರು ಸಲ ಗೆದ್ದ ಎಲ್‌ಎಸ್‌ಕೆ ಕ್ವಿನ್ನರ್ ಪಕ್ಕದ ಲಿಲ್ಲೆಸ್ಟ್ರೋಮ್ ಭಾಗದ್ದು. ಅಲ್ಲಿಗೆ ರೈಲು ಹತ್ತುವಾಗ ಹುಷಾರು: ಓಸ್ಲೋ ವಲಯ 1, ಲಿಲ್ಲೆಸ್ಟ್ರೋಮ್ ವಲಯ 2Ø. ನಿಮ್ಮ ತಿಂಗಳ ಪಾಸ್ ಬರೀ ವಲಯ 1ರದ್ದಾಗಿದ್ದರೆ ಹತ್ತುವ ಮೊದಲೇ ಇಲ್ಲಿನ ಸಾರಿಗೆ ಸಂಸ್ಥೆ ರೂಟರ್‌ನ ಆ್ಯಪ್‌ನಲ್ಲಿ ಹೆಚ್ಚುವರಿ ವಲಯ ಕೊಳ್ಳಿ. ತಪಾಸಣೆಯವರು ಬಂದಾಗ 'ಗೊತ್ತಿರಲಿಲ್ಲ' ಅಂದರೆ ನಡೆಯೋದಿಲ್ಲ, ದಂಡ ಖಾತ್ರಿ.

ಪಂದ್ಯದ ಟಿಕೆಟ್‌ಗೆ ಪರದಾಡಬೇಕಿಲ್ಲ. ಕ್ಲಬ್‌ನ ಸೈಟಿನಲ್ಲಿ ಆ ದಿನ ಬೆಳಿಗ್ಗೆ ತಗೊಂಡರೂ ಸಾಮಾನ್ಯವಾಗಿ ಸಿಗುತ್ತೆ. ಜನ ಕಡಿಮೆ, ಅದೇ ನಿಮ್ಮ ಲಾಭ. ಬೇಲಿ ಪಕ್ಕ ನಿಂತರೆ ಗೋಲ್‌ಕೀಪರ್ ಡಿಫೆಂಡರ್‌ಗಳಿಗೆ ಕೂಗೋದು ಕೇಳುತ್ತೆ. ಗೋಲ್‌ಕೀಪರ್ ಆಗಿ ಆಡುವ ಹುಡುಗಿಗೆ ಟಿವಿಯಲ್ಲಿ ಈ ಪಾಠ ಸಿಗೋದಿಲ್ಲ.

ಬಟ್ಟೆ ವಿಷಯದಲ್ಲಿ ಎಲ್ಲರೂ ಎಡವೋದು ಒಂದೇ ಕಡೆ: ದಪ್ಪ ಜಾಕೆಟ್ ಹಾಕಿಕೊಂಡು ಒಳಗೆ ಹತ್ತಿ ಬಟ್ಟೆ, ಕಾಲಿಗೆ ತೆಳ್ಳನೆ ಶೂ. ಮೈಗಂಟುವ ಪದರ ಉಣ್ಣೆಯದೇ ಇರಲಿ, ಕಾಲುಚೀಲವೂ ಉಣ್ಣೆಯದೇ. ಇನ್ನೊಂದು, ಕೂರಲು ಫೋಮ್ ತುಂಡು. ಇವರು ಸಿಟ್ಟೆಉಂಡರ್‌ಲಾಗ್ ಅಂತಾರೆ, ಆಟದ ಸಾಮಾನಿನ ಯಾವ ಅಂಗಡಿಯಲ್ಲೂ ಸಿಗುತ್ತೆ. ಅದಿಲ್ಲದೆ ಏಪ್ರಿಲ್‌ನ ಪ್ಲಾಸ್ಟಿಕ್ ಕುರ್ಚಿ ಮೇಲೆ ಪೂರ್ತಿ 90 ನಿಮಿಷ ಕೂರೋರು ನಾರ್ವೆಯವರಲ್ಲೂ ಅಪರೂಪ.

ಕಿಯೋಸ್ಕ್‌ನಲ್ಲಿ ಸಾಸೇಜ್, ವಾಫಲ್, ಕಾಫಿ ಸಿಗುತ್ತೆ. ವಾಫಲ್ ಹಿಟ್ಟಲ್ಲಿ ಮೊಟ್ಟೆ ಇರುತ್ತೆ, ತಿನ್ನದವರು ಮನೆಯಿಂದಲೇ ಚಪಾತಿ ರೋಲ್ ಸುತ್ತಿಕೊಂಡು ಹೋಗೋದು ವಾಸಿ. ದುಡ್ಡು ಕೊಡಲು ವಿಪ್ಸ್ ಅಂತ ಬೋರ್ಡ್ ಇರುತ್ತೆ, ಅದು ಫೋನ್‌ನಲ್ಲಿ ಹಣ ಕಟ್ಟುವ ಆ್ಯಪ್, ಆದರೆ ನಾರ್ವೆಯ ಗುರುತಿನ ಸಂಖ್ಯೆ ಮತ್ತು ಬ್ಯಾಂಕ್ ಖಾತೆ ಆಗುವವರೆಗೆ ಅದು ನಿಮಗೆ ತೆರೆಯೋದಿಲ್ಲ. ಕಾರ್ಡ್ ಜೇಬಲ್ಲಿರಲಿ.

ಮಗಳನ್ನು ಆಡಲು ಸೇರಿಸೋದಾದರೆ ದೊಡ್ಡ ಹೆಸರಿನ ಹಿಂದೆ ಹೋಗಬೇಡಿ, ಮನೆ ಹತ್ತಿರದ ಕ್ಲಬ್ಬೇ ಸಾಕು. ಅಭ್ಯಾಸದ ಸಮಯ, ಹಾಜರಿ ಎಲ್ಲ ಸಾಮಾನ್ಯವಾಗಿ ಸ್ಪೋಂಡ್ ಆ್ಯಪ್‌ನಲ್ಲಿ ಬರುತ್ತೆ, ಉತ್ತರ ಒತ್ತದಿದ್ದರೆ ಮಗು ಬರ್ತಿಲ್ಲ ಅಂದುಕೊಳ್ಳುತ್ತಾರೆ. ಜೊತೆಗೆ ನಿಮಗೂ ದುಗ್ನಾಡ್ ಬೀಳುತ್ತೆ, ಅಂದರೆ ಸಂಬಳವಿಲ್ಲದ ಪಾಳಿ: ಕಿಯೋಸ್ಕ್‌ನಲ್ಲಿ ವಾಫಲ್ ಹುಯ್ಯೋದು, ಕ್ಲಬ್ ಹೆಸರಲ್ಲಿ ಟಾಯ್ಲೆಟ್ ಪೇಪರ್ ಮಾರೋದು. ತಪ್ಪಿಸಿಕೊಳ್ಳಬೇಡಿ. ಇಲ್ಲಿ ಅಕ್ಕಪಕ್ಕದವರ ಪರಿಚಯ ಆಗೋದೇ ಆ ಪಾಳಿಯಲ್ಲಿ.