ಮಿಲಾನ್‌ನಾಗ ಸಂಜಿ ಆರೂವರಿ ಆದ ಮ್ಯಾಲೆ

ಇಟಲಿಯ ಮಿಲಾನ್‌ಗೆ ಓದಲು, ದುಡಿಯಲು ಹೊರಟ ನಮ್ಮ ಭಾಗದ ಹುಡುಗ-ಹುಡುಗಿಯರ ಪತ್ರಗಳು ಒಂದು ಕಟ್ಟೇ ಆಗಿವೆ. ಈ ಸಲ ಆರಿಸಿಕೊಂಡಿದ್ದು ಕ್ಲಾಸು, ಆಫೀಸು ಮುಗಿದ ಮೇಲಿನ ಬದುಕಿಗೆ ಸಂಬಂಧಿಸಿದ್ದನ್ನು. ಮನೆಯಲ್ಲಿ ಕೇಳಲು ನಾಚಿಕೊಂಡು ನಮಗೆ ಬರೆದಿದ್ದಾರೆ. ನಾಚದೆ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ನಾ ಬಿ.ಇ. ಮುಗಿಸೇನಿ. ಸೆಪ್ಟೆಂಬರ್‌ದಾಗ ಅಲ್ಲಿಯ ಪೊಲಿಟೆಕ್ನಿಕೊ ವಿಶ್ವವಿದ್ಯಾಲಯಕ್ಕ ಎಂ.ಎಸ್ಸಿ. ಮಾಡಾಕ ಹೊಂಟೇನಿ. ಕುಡಿಯೂದಿಲ್ಲ, ಮಾಂಸ ತಿನ್ನೂದಿಲ್ಲ. ಅಲ್ಲೆ ಸಂಜಿಮುಂದ ಎಲ್ಲಾರೂ ಬಾರಿಗೆ ಹೋಗತಾರಂತ. ನಾ ಹೋದ್ರ ನಗತಾರೇನು? ಒಂದ್ ಸಂಜಿಗೆ ಎಷ್ಟ್ ರೊಕ್ಕ ಬೇಕ್ರಿ?
– ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಯಾರೂ ನಗೂದಿಲ್ಲ, ಧೈರ್ಯವಾಗಿ ಹೋಗಿ. ಅಲ್ಲಿಯ ಬಾರು ನಮ್ಮೂರಿನ ಬಾರಿನ ಹಾಗೆ ಕತ್ತಲೆಯ ಕೋಣೆಯಲ್ಲ. ಬೆಳಿಗ್ಗೆ ಕಾಫಿ ಕೊಟ್ಟ ಅಂಗಡಿಯೇ ಸಂಜೆ ಗ್ಲಾಸು ಇಡುತ್ತದೆ. ಆರೂವರೆಯಿಂದ ಒಂಬತ್ತರವರೆಗಿನ ಹೊತ್ತಿಗೆ ಅಪೆರಿಟಿವೊ ಎನ್ನುತ್ತಾರೆ. ನಮ್ಮಲ್ಲಿ ಗಿರಮಿಟ್ಟು, ಮಿರ್ಚಿ ಮುಂದಿಟ್ಟುಕೊಂಡು ತಾಸುಗಟ್ಟಲೆ ಹರಟೆ ಹೊಡೆಯುತ್ತೇವಲ್ಲ, ಅದೇ ಲೆಕ್ಕ. ಒಂದೇ ಗ್ಲಾಸನ್ನು ಒಂದೂವರೆ ತಾಸು ಹಿಡಿದುಕೊಂಡು ಕೂರುತ್ತಾರೆ. ಕುಡಿದು ತೂರಾಡುವವನನ್ನು ಕಂಡರೆ ಅಲ್ಲಿಯವರಿಗೂ ಆಗುವುದಿಲ್ಲ.

ಮದ್ಯ ಬೇಡದವರು 'ಅನಾಲ್ಕೊಲಿಕೊ' ಎಂದು ಕೇಳಬೇಕು. ಕ್ರೊಡಿನೊ ಎಂಬ ಕಿತ್ತಳೆ ಬಣ್ಣದ್ದು, ಸ್ಯಾನ್‌ಬಿಟ್ಟರ್ ಎಂಬ ಕೆಂಪು ಬಣ್ಣದ್ದು, ಎರಡೂ ಸಣ್ಣ ಬಾಟಲಿಯಲ್ಲಿ ಬರುತ್ತವೆ. ಸಿಹಿಯ ಹಿಂದೆ ಸ್ವಲ್ಪ ಕಹಿ. ಐಸು, ಕಿತ್ತಳೆ ಹೋಳು ಹಾಕಿ ಕೊಟ್ಟಾಗ ಪಕ್ಕದವರ ಸ್ಪ್ರಿಟ್ಸ್ ಎಂಬ ವೈನು ಬೆರೆತ ಪಾನೀಯಕ್ಕೂ ನಿಮ್ಮ ಗ್ಲಾಸಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಯಾಕೆ ಕುಡಿಯುವುದಿಲ್ಲ ಎಂದು ಯಾರಾದರೂ ಕೇಳಿದರೆ 'ಇಷ್ಟ ಇಲ್ಲ' ಅಂದರೆ ಸಾಕು, ಪುರಾಣ ಬಿಚ್ಚಬೇಡಿ.

ನಿಜವಾಗಿ ಎಚ್ಚರ ಬೇಕಾದದ್ದು ತಟ್ಟೆಯ ವಿಷಯದಲ್ಲಿ. ಗ್ಲಾಸಿನ ಜೊತೆ ಬರುವ ಚಿಪ್ಸು, ಶೇಂಗಾ, ಹಸಿರು ಆಲಿವ್ ನಡೆಯುತ್ತವೆ. ಆದರೆ ಹಿಟ್ಟು ಹಚ್ಚಿ ಕರಿದ ದಪ್ಪ ಆಲಿವ್ ಬಂದರೆ ಅದರ ಹೊಟ್ಟೆಯೊಳಗೆ ಕೊಚ್ಚಿದ ಮಾಂಸ ಇರುತ್ತದೆ. ಅನ್ನದ ಉಂಡೆ ಕರಿದ ಅರಾಂಚಿನಿಯೊಳಗೂ ಬಹಳ ಸಲ ಖೀಮಾ ಇರುತ್ತದೆ. ಫೊಕಾಚ್ಚಾ ರೊಟ್ಟಿಗೆ ಕೆಲವೆಡೆ ಹಂದಿ ಕೊಬ್ಬು ಸೇರಿಸುತ್ತಾರೆ. ಊರಿನ ಹೆಸರಿನದೇ ಆದ ಹಳದಿ ರಿಸೊಟ್ಟೊಗೆ ಸಂಪ್ರದಾಯದಂತೆ ದನದ ಮೂಳೆಯ ಮಜ್ಜೆ ಬೀಳುತ್ತದೆ. ಪಾರ್ಮಿಜಾನೊ ಚೀಸ್‌ಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯ ರೆನೆಟ್‌ನಿಂದ. ಕಟ್ಟಾ ಸಸ್ಯಾಹಾರಿಗಳು ಇದನ್ನು ತಿಳಿದೇ ನಿರ್ಧಾರ ಮಾಡಿಕೊಳ್ಳಬೇಕು. 'ಸೆಂತ್ಸಾ ಕಾರ್ನೆ, ಸೆಂತ್ಸಾ ಪೇಶೆ', ಅಂದರೆ ಮಾಂಸ ಬೇಡ, ಮೀನು ಬೇಡ, ಎಂದು ಹೇಳಿದ ಮೇಲೂ ಹಂದಿಯ ಪ್ರೊಶುಟ್ಟೊ ತೆಳು ಹಾಳೆಗಳನ್ನು ತಂದಿಡುವವರಿದ್ದಾರೆ. ಅದರ ಹೆಸರನ್ನೂ ಹೇಳಿ ಬೇಡ ಅನ್ನಿ. ಹೊಟ್ಟೆ ತುಂಬ ಉಣ್ಣಬೇಕೆಂದರೆ ಪೋರ್ತಾ ವೆನೇಜಿಯಾ ಕಡೆಯ ಎರಿಟ್ರಿಯಾ, ಇಥಿಯೋಪಿಯಾದವರ ಹೋಟೆಲು ಹುಡುಕಿ. ಹಿಟ್ಟು ಹುಳಿ ಬರಿಸಿ ಹೊಯ್ದ ಇಂಜೆರಾ, ಮೇಲೆ ಖಾರದ ಬ್ಯಾಳಿ, ಕಾಯಿಪಲ್ಲೆ. ಅವರ ಉಪವಾಸದ ಅಡುಗೆಯಲ್ಲಿ ಹಾಲು ಕೂಡ ಇರುವುದಿಲ್ಲ. ಹಂಚಿಕೊಂಡು ತಿನ್ನುವ ತಟ್ಟೆ, ಗೆಳೆಯರ ಗುಂಪಿಗೆ ಹೇಳಿ ಮಾಡಿಸಿದ್ದು.

ಇನ್ನು ರೊಕ್ಕ. ಸ್ಪ್ರಿಟ್ಸ್‌ಗೆ 8ರಿಂದ 12 ಯೂರೊ, ಅನಾಲ್ಕೊಲಿಕೊ ಅದಕ್ಕಿಂತ ಸ್ವಲ್ಪ ಕಡಿಮೆ. ಒಂದು ಯೂರೊ ಎಂದರೆ ನೂರು ರೂಪಾಯಿ ಆಸುಪಾಸು ಎಂದು ಹಿಡಿಯಿರಿ. ಕುಳಿತು ಊಟ ಮಾಡಿದರೆ ಬಿಲ್ಲಿನಲ್ಲಿ ತಲೆಗೆ 2–3 ಯೂರೊ 'ಕೊಪೆರ್ತೊ', ಅಂದರೆ ಮೇಜಿನ ಶುಲ್ಕ, ಸೇರಿರುತ್ತದೆ. ಅದು ಮೋಸವಲ್ಲ, ಅಲ್ಲಿಯ ಪದ್ಧತಿ. ಟಿಪ್ಸು ಕಡ್ಡಾಯವಲ್ಲ. ಮೆಟ್ರೊ ಟಿಕೆಟ್ 2.20 ಯೂರೊ, 90 ನಿಮಿಷ ನಡೆಯುತ್ತದೆ. ವಾರಕ್ಕೆ ಎರಡು ಸಂಜೆ ಹೊರಬೀಳುವ ವಿದ್ಯಾರ್ಥಿಗೆ ತಿಂಗಳಿಗೆ 100 ಯೂರೊ ಬದಿಗಿಟ್ಟರೆ ಸಾಕು. ಗಲೇರಿಯಾ ಎಂಬ ಹಳೆಯ ಅಂಗಡಿ ಸಂಕೀರ್ಣದ ಒಳಗೆ 1915ರಿಂದ ಇರುವ ಕಂಪಾರಿನೊದಂಥ ಹೆಸರುವಾಸಿ ಜಾಗದಲ್ಲಿ ಮೇಜು ಹಿಡಿದು ಕೂತರೆ ಈ ಲೆಕ್ಕ ತಲೆಕೆಳಗು. ಅಲ್ಲಿ ಕೌಂಟರಿಗೆ ನಿಂತೇ ಮುಗಿಸುವುದು ಜಾಣತನ. ನಿಮ್ಮ ಕಾಲೇಜಿನ ಲಿಯೊನಾರ್ಡೊ ಕ್ಯಾಂಪಸ್‌ನಿಂದ ನಡೆದು ಹೋಗುವಷ್ಟು ದೂರದ ಬಾರ್ ಬಾಸ್ಸೊವನ್ನು ಹೊರಗಿನಿಂದಾದರೂ ನೋಡಿ. ನೆಗ್ರೋನಿ ಎಂಬ ಕಾಕ್‌ಟೇಲ್‌ನಲ್ಲಿ ಜಿನ್ ಬದಲು ಬುರುಗಿನ ವೈನು ಹಾಕುವ 'ಸ್ಬಲ್ಯಾತೊ' ಹುಟ್ಟಿದ ಜಾಗ ಅದು.

ಪ್ರಶ್ನೆ: ಬರೇ ಇಂಡಿಯಾದವರ ಜೊತೀನ ತಿರುಗಿ ವಾಪಸ್ ಬರಬಾರದು ಅಂತ ಆಸೆ. ಆದ್ರ ಅಲ್ಲಿ ಮಂದಿ ತಮ್ಮ ತಮ್ಮ ಗುಂಪು ಬಿಟ್ಟು ಮಾತಾಡಂಗಿಲ್ಲ ಅಂತಾರ. ಪರಿಚಯ ಹೆಂಗ ಮಾಡ್ಕೋಬೇಕು?
– ರಾಣೆಬೆನ್ನೂರು

ಉತ್ತರ: ಅವರು ಹೇಳಿದ್ದು ಸುಳ್ಳಲ್ಲ. ಶಾಲೆಯಿಂದ ಜೊತೆಗಿದ್ದ ಐದಾರು ಮಂದಿಯ ಗುಂಪು ಅಲ್ಲಿಯವರಿಗೆ ಮನೆ ಇದ್ದಂತೆಯೇ. ಬಾರಿನಲ್ಲಿ ಹೋಗಿ ಅಪರಿಚಿತರ ಹೆಗಲು ತಟ್ಟಿದರೆ ಆ ಬಾಗಿಲು ತೆರೆಯುವುದಿಲ್ಲ. ಒಳಗಿನವರೊಬ್ಬರು ಕರೆದುಕೊಂಡು ಹೋಗಬೇಕು. ಆ ಒಬ್ಬರು ಸಿಗುವುದು ಪ್ರತಿ ವಾರ ಅದೇ ಮುಖ ಕಾಣುವ ಜಾಗದಲ್ಲಿ: ಕ್ಲಾಸಿನ ಪ್ರಾಜೆಕ್ಟು ಗುಂಪು, ಐದೈದು ಮಂದಿ ಆಡುವ ಕಾಲ್ಚೆಂಡು, ಗುಡ್ಡ ಹತ್ತುವ ತಂಡ, ಭಾಷೆ ವಿನಿಮಯದ ಕೂಟ. ವಿದ್ಯಾರ್ಥಿಗಳಿಗೆ ಎರಾಸ್ಮಸ್ ವಿದ್ಯಾರ್ಥಿ ಜಾಲದ ಮಿಲಾನ್ ಘಟಕಗಳಿವೆ. ಹೊರದೇಶದವರು ಬೇಗ ಸಿಗುತ್ತಾರೆ, ಇಟಲಿಯವರು ಸ್ವಲ್ಪ ತಡವಾಗಿ.

ಒಂದೇ ಸಲ ಹೋಗಿ 'ಯಾರೂ ಮಾತಾಡಲಿಲ್ಲ' ಎಂದು ಬಿಟ್ಟುಬಿಡುವುದು ಎಲ್ಲರೂ ಮಾಡುವ ತಪ್ಪು. ನಾಲ್ಕನೇ ಐದನೇ ವಾರಕ್ಕೆ 'ಅಪೆರಿಟಿವೊಗೆ ಬರ್ತೀಯಾ' ಎಂಬ ಮಾತು ಬರುತ್ತದೆ. ಬಂದಾಗ ಓದುವುದಿದೆ ಎಂದು ತಪ್ಪಿಸಿಕೊಳ್ಳಬೇಡಿ, ಎರಡು ಸಲ ಒಲ್ಲೆ ಅಂದವರನ್ನು ಮೂರನೇ ಸಲ ಕರೆಯುವುದಿಲ್ಲ. ಇಂಗ್ಲಿಷಿನಲ್ಲಿ ಕೆಲಸ ನಡೆಯುತ್ತದೆ, ಆದರೆ ಹತ್ತು ಜನರ ಮೇಜಿನಲ್ಲಿ ಮಾತು ಅರ್ಧ ತಾಸಿಗೆ ಇಟಾಲಿಯನ್‌ಗೆ ಹೊರಳುತ್ತದೆ. ಹೊರಡುವ ಮುನ್ನ ನಾಲ್ಕು ತಿಂಗಳು ಭಾಷೆ ಕಲಿತವರು ಆ ಮೇಜಿನಲ್ಲಿ ಉಳಿಯುತ್ತಾರೆ. ಏಪ್ರಿಲ್‌ನಲ್ಲಿ ಪೀಠೋಪಕರಣಗಳ ದೊಡ್ಡ ಮೇಳದ ವಾರದಲ್ಲಿ ಊರ ತುಂಬ ಪುಕ್ಕಟೆ ಪ್ರದರ್ಶನ, ಸಂಜೆ ಕೂಟ ಇರುತ್ತವೆ. ಒಬ್ಬರೇ ಹೋದರೂ ಬೇಸರವಾಗದ ವಾರವೆಂದರೆ ಅದು. ಕ್ರಿಕೆಟ್ ಬೇಕಾದವರಿಗೆ ದಕ್ಷಿಣ ಏಷ್ಯಾದ ಹುಡುಗರು ಆಡುವ ಮೈದಾನಗಳಿವೆ. ಇಟಲಿ ತಂಡ 2026ರ ಟಿ20 ವಿಶ್ವಕಪ್‌ಗೆ ಅರ್ಹತೆ ಪಡೆದ ಸುದ್ದಿ ಬಹಳ ಇಟಾಲಿಯನ್ನರಿಗೆ ನೀವು ಹೇಳಿದ ಮೇಲೇ ಗೊತ್ತಾದೀತು!

ಮನೆಗೆ ಊಟಕ್ಕೆ ಕರೆದರೆ ಧಾರವಾಡ ಪೇಢೆ ಒಯ್ಯುವ ಆಸೆ ಸಹಜ. ಆದರೆ ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಹಾಲಿನ ಪದಾರ್ಥವನ್ನು ಚೀಲದಲ್ಲಿ ತರಲು ಬಿಡುವುದಿಲ್ಲ, ಪೇಢೆ ಅದರಲ್ಲೇ ಬೀಳುತ್ತದೆ. ತುಪ್ಪ ಹಚ್ಚದ ಒಣ ಶೇಂಗಾ ಹೋಳಿಗೆ ಒಯ್ಯಿರಿ. ಕೊಡುವ ಮೊದಲು ಶೇಂಗಾ ಅಲರ್ಜಿ ಯಾರಿಗಾದರೂ ಇದೆಯೇ ಎಂದು ಕೇಳುವುದು ಮರೆಯಬೇಡಿ.

ಪ್ರಶ್ನೆ: ಫ್ಯಾಷನ್ ಡಿಸೈನ್ ಓದಲು ಹೋಗುತ್ತಿದ್ದೇನೆ. ಕೊರ್ಸೊ ಕೋಮೊ ಕಡೆಯ ಕ್ಲಬ್‌ಗಳಲ್ಲಿ ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ ಎಂದು ಸೀನಿಯರ್ ಒಬ್ಬರು ಹೇಳಿದರು. ರಾತ್ರಿ ತಿರುಗಿ ಬರುವುದು ಹೇಗೆ?
– ಧಾರವಾಡ

ಉತ್ತರ: ಕಳಿಸುತ್ತಾರೆ. ಬಾಗಿಲಲ್ಲಿ ನಿಂತವನು ಬೂಟು, ಬಟ್ಟೆ, ಗುಂಪು ಮೂರನ್ನೂ ನೋಡುತ್ತಾನೆ. ಬರೀ ಹುಡುಗರ ಗುಂಪಿಗೆ ಎಲ್ಲಕ್ಕಿಂತ ಕಷ್ಟ. ನಿಮಗೆ ಅಷ್ಟಿಲ್ಲ, ಆದರೆ ಆಟದ ಬೂಟು, ಟ್ರ್ಯಾಕ್ ಪ್ಯಾಂಟು ಬೇಡ. ಮಿಂಚುವ ಬಟ್ಟೆಗಿಂತ ಕಪ್ಪು ಬಟ್ಟೆ, ಒಳ್ಳೆಯ ಬೂಟು ಕೆಲಸ ಮಾಡುತ್ತವೆ. ಹೆಸರನ್ನು ಮೊದಲೇ 'ಲಿಸ್ತಾ'ಗೆ ಹಾಕಿಸಿದರೆ ದರ ಕಡಿಮೆ, ಕೆಲವೆಡೆ ಇಂತಿಷ್ಟು ಗಂಟೆಯೊಳಗೆ ಬಂದರೆ ಮಾತ್ರ. ಪ್ರವೇಶಕ್ಕೆ 15–25 ಯೂರೊ, ಅದರಲ್ಲಿ ಬಹುತೇಕ ಒಂದು ಗ್ಲಾಸು ಸೇರಿರುತ್ತದೆ. ಕೋಟು ಇಡಲು ಬೇರೆ ದುಡ್ಡು. ಹನ್ನೆರಡರ ಮೊದಲು ಒಳಗೆ ನೊಣ ಹೊಡೆಯುತ್ತಿರುತ್ತಾರೆ.

ಕೆಲವು ಕ್ಲಬ್‌ಗಳಲ್ಲಿ ಒಳಹೋಗುವಾಗ ಒಂದು ಕಾರ್ಡು ಕೊಡುತ್ತಾರೆ. ಕುಡಿದದ್ದೆಲ್ಲ ಅದರ ಮೇಲೆ ಏರುತ್ತದೆ, ದುಡ್ಡು ಕೊಡುವುದು ಹೊರಬರುವಾಗ. ಅದನ್ನು ಕಳೆದರೆ ನೀವು ಕುಡಿದಿದ್ದು ಒಂದೇ ನೀರಿನ ಬಾಟಲಿಯಾದರೂ ದೊಡ್ಡ ಮೊತ್ತ ಕಕ್ಕಿಸುತ್ತಾರೆ. ಜಿಪ್ ಇರುವ ಕಿಸೆಯಲ್ಲಿಡಿ, ಗೆಳತಿಗೆ ಕೊಡಬೇಡಿ, ಬೇರೆಯವರ ಗ್ಲಾಸನ್ನು ನಿಮ್ಮ ಕಾರ್ಡಿಗೆ ಬರೆಸಬೇಡಿ. ಗ್ಲಾಸು ಬಾರ್‌ಮ್ಯಾನ್ ಕೈಯಿಂದ ನಿಮ್ಮ ಕೈಗೇ ಬರಬೇಕು. ಕುಣಿಯಲು ಮೇಜಿನ ಮೇಲಿಟ್ಟು ಹೋದದ್ದನ್ನು ಮತ್ತೆ ಮುಟ್ಟಬೇಡಿ.

ಹೊರಗೆ ಸಿಗರೇಟು ಹಚ್ಚುವ ಗೆಳೆಯರಿದ್ದರೆ ಹೇಳಿ: 2025ರ ಜನವರಿ 1ರಿಂದ ಮಿಲಾನ್‌ನ ಬೀದಿಯಲ್ಲೂ ಬೇರೆಯವರಿಂದ 10 ಮೀಟರ್ ದೂರವಿಲ್ಲದೆ ಸೇದುವಂತಿಲ್ಲ. ದಂಡ 40ರಿಂದ 240 ಯೂರೊ.

ಮೆಟ್ರೊ ಮಧ್ಯರಾತ್ರಿ ಹನ್ನೆರಡೂವರೆ ಸುಮಾರಿಗೆ ನಿಲ್ಲುತ್ತದೆ. ಆಮೇಲೆ ರಾತ್ರಿ ಬಸ್ಸುಗಳು. ಯಾವುದು, ಎಲ್ಲಿಂದ, ಎಷ್ಟಕ್ಕೆ ಎಂದು ಮನೆ ಬಿಡುವ ಮೊದಲೇ ಆಪ್‌ನಲ್ಲಿ ನೋಡಿಟ್ಟುಕೊಳ್ಳಿ, ಎರಡು ಗಂಟೆಗೆ ಫೋನಿನ ಚಾರ್ಜು ಇರುವ ಖಾತ್ರಿಯಿಲ್ಲ. ಟ್ಯಾಕ್ಸಿ ಬಿಳಿಯದು, ಮೀಟರ್ ಇರುತ್ತದೆ. ರಸ್ತೆಯಲ್ಲಿ ಕೈ ಅಡ್ಡ ಹಾಕಿದರೆ ನಿಲ್ಲುವುದು ಅಪರೂಪ. ಸ್ಟ್ಯಾಂಡಿಗೆ ಹೋಗಬೇಕು ಇಲ್ಲವೇ ಆಪ್‌ನಲ್ಲಿ ಕರೆಸಬೇಕು. 'ಟ್ಯಾಕ್ಸಿ, ಟ್ಯಾಕ್ಸಿ' ಎಂದು ತಾನೇ ಹತ್ತಿರ ಬರುವವನ ಕಾರು ಹತ್ತಬೇಡಿ. ಬಾಡಿಗೆ ಇ-ಸ್ಕೂಟರಿಗೆ 2024ರ ಡಿಸೆಂಬರ್‌ನಿಂದ ಹೆಲ್ಮೆಟ್ ಕಡ್ಡಾಯ, ಕುಡಿದವರು ಅದರ ಹತ್ತಿರವೂ ಹೋಗಬಾರದು.

ನಮ್ಮ ಅಭಿಪ್ರಾಯ ಕೇಳಿದರೆ, ಹೊಸಬರಿಗೆ ಜನರ ಪರಿಚಯವಾಗಲು ಕ್ಲಬ್ ಎಲ್ಲಕ್ಕಿಂತ ಕೆಟ್ಟ ಜಾಗ. ಮಾತೇ ಕೇಳಿಸುವುದಿಲ್ಲ. ಆ 25 ಯೂರೊದಲ್ಲಿ ನವೀಲ್ಯಿ ಕಾಲುವೆ ದಂಡೆಯಲ್ಲಿ ಎರಡು ಸಂಜೆ ಕಳೆಯಬಹುದು, ಪೋರ್ತಾ ಜೆನೊವಾ ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ಆಯಿತು. ಸಂಗೀತ ಬೇಕಿದ್ದರೆ ಈಸೊಲಾ ಭಾಗದಲ್ಲಿ ಜಾಜ್‌ಗೆಂದೇ ಬ್ಲೂ ನೋಟ್ ಇದೆ.

ಪ್ರಶ್ನೆ: ವಯಸ್ಸು 29, ಅಲ್ಲಿಯೇ ಕೆಲಸ. ಆಪ್‌ನಲ್ಲಿ ಒಬ್ಬಾಕಿ ಪರಿಚಯ ಆಗ್ಯಾಳ. ಭೇಟಿ ಅಂದ್ರ ಎಲ್ಲಿ, ಬಿಲ್ ಯಾರು ಕೊಡಬೇಕು, ಹೂವು ಒಯ್ಯಬೇಕೋ ಬ್ಯಾಡೋ?
– ಹೆಸರು ಬ್ಯಾಡ್ರಿ, ಹಾವೇರಿ ಜಿಲ್ಲಾ

ಉತ್ತರ: ಮೊದಲ ಭೇಟಿಗೆ ಅಪೆರಿಟಿವೊನೇ ಸರಿ. ಏಳಕ್ಕೆ ಕೂತರೆ ಎಂಟೂವರೆಗೆ ತಾನಾಗಿ ಮುಗಿಯುತ್ತದೆ. ಮಾತು ಹತ್ತಿದರೆ ಅಲ್ಲಿಂದ ಊಟಕ್ಕೆ, ಹತ್ತದಿದ್ದರೆ ಇಬ್ಬರಿಗೂ ಮುಜುಗರವಿಲ್ಲದೆ ಮನೆಗೆ. ಮೊದಲ ದಿನವೇ ಊಟದ ಮೇಜು ಕಾದಿರಿಸಿದರೆ ಸಿಕ್ಕಿಬಿದ್ದಂತೆ. ಅವರ ಮನೆ ಅಥವಾ ಮೆಟ್ರೊಗೆ ಹತ್ತಿರದ, ಮಂದಿ ಇರುವ ಜಾಗ ಆರಿಸಿ. 'ಇಂಥ ನಿಲ್ದಾಣದ ಇಂಥ ಬಾಗಿಲು' ಎಂದು ಬರೆದು ಕಳಿಸಿ. ಇಟಲಿಯವರಿಗೆ ಹೊತ್ತಿನ ಪರಿವೆಯಿಲ್ಲ ಎಂಬ ಮಾತು ಮಿಲಾನ್‌ಗೆ ಹೊಂದುವುದಿಲ್ಲ. ಹತ್ತು ನಿಮಿಷ ತಡವಾದರೂ ಮೆಸೇಜು ಹಾಕಿ.

ಕೈ ಕುಲುಕಿ ಹೆಸರು ಹೇಳಿ. ಎರಡೂ ಕೆನ್ನೆಗೆ ಕೆನ್ನೆ ತಾಗಿಸುವುದು ಪರಿಚಯಸ್ಥರಲ್ಲಿ ಸಾಮಾನ್ಯ, ಆದರೆ ಅವರು ಮುಂದಾದರೆ ಮಾತ್ರ. ಅದರಲ್ಲಿ ಬೇರೆ ಅರ್ಥ ಹುಡುಕಬೇಡಿ. ಕರೆದವರು ಬಿಲ್ಲಿಗೆ ಕೈ ಹಾಕುವುದು ವಾಡಿಕೆ. ಆಕೆ ತನ್ನ ಪಾಲು ಕೊಡುತ್ತೇನೆಂದರೆ ಒಮ್ಮೆ ಬೇಡ ಅನ್ನಿ, ಎರಡನೇ ಸಲಕ್ಕೆ ಒಪ್ಪಿಕೊಳ್ಳಿ. ಹಟ ಹಿಡಿದರೆ ಋಣ ಹೊರಿಸಿದಂತೆ ಕಾಣುತ್ತದೆ. ಗುಂಪಿನಲ್ಲಾದರೆ ತಿಂದದ್ದೆಷ್ಟೇ ಇರಲಿ ತಲೆಗೆ ಸಮನಾಗಿ ಹಂಚುತ್ತಾರೆ.

ಹೂವು ಮೊದಲ ದಿನ ಬೇಡ. ಮುಂದೆ ಒಯ್ಯುವ ಕಾಲ ಬಂದಾಗ, ದಯವಿಟ್ಟು ಸೇವಂತಿಗೆ ಮಾತ್ರ ಒಯ್ಯಬೇಡಿ. ನಮ್ಮ ಹಬ್ಬದ ಹೂವು ಅಲ್ಲಿ ಗೋರಿಯ ಹೂವು. ನವೆಂಬರ್ 2ರ ಸತ್ತವರ ದಿನಕ್ಕೆ ಸ್ಮಶಾನಗಳೆಲ್ಲ ಅದರಿಂದಲೇ ತುಂಬಿರುತ್ತವೆ. ಮನೆಗೆ ಕರೆಯಲಿಲ್ಲವೆಂದು ಅನುಮಾನವೂ ಬೇಡ. ಮೂವತ್ತರ ಹತ್ತಿರದವರೆಗೂ ಅಪ್ಪ-ಅಮ್ಮನ ಜೊತೆ ಇರುವವರು ಅಲ್ಲಿ ಬಹಳ.

ಮರುದಿನ ಒಂದು ಮೆಸೇಜು. ಉತ್ತರ ಬರದಿದ್ದರೆ ನಾಲ್ಕು ದಿನ ಬಿಟ್ಟು ಇನ್ನೊಂದು. ಅದಕ್ಕೂ ಇಲ್ಲವೆಂದರೆ ಮುಗಿಯಿತು. ನಮ್ಮ ಸಿನಿಮಾ ಹೀರೊಗಳಂತೆ ಬೆನ್ನು ಹತ್ತುವುದು, ಆಫೀಸಿನ ಮುಂದೆ ಕಾಯುವುದು ಅಲ್ಲಿ 2009ರಿಂದ ಪ್ರತ್ಯೇಕ ಅಪರಾಧ. ಒಪ್ಪಿಗೆಯಿಲ್ಲದೆ ಖಾಸಗಿ ಫೋಟೊ ಹಂಚುವುದು 2019ರಿಂದ. ಎರಡಕ್ಕೂ ಜೈಲು ಇದೆ. ಇಂಡಿಯಾದಲ್ಲಿ ಮನೆಯವರು ಕನ್ಯೆ ನೋಡುತ್ತಿದ್ದರೆ ಆ ಮಾತನ್ನು ಮೂರನೇ ಭೇಟಿಯೊಳಗೆ ಹೇಳಿಬಿಡಿ. ಬಚ್ಚಿಟ್ಟು ಆಮೇಲೆ ಒಡೆದ ಸಂಬಂಧಗಳ ದೂರು ನಮಗೆ ಬರುವ ಪತ್ರಗಳಲ್ಲಿ ಕಡಿಮೆಯೇನಿಲ್ಲ.

ಪ್ರಶ್ನೆ: ಮಗಳು ಆಗಸ್ಟ್ ಹತ್ತಕ್ಕೆ ಹೊರಟಿದ್ದಾಳೆ. ರಾತ್ರಿ ಹೊರಗೆ ಹೋಗುವಾಗ ಜೊತೆಗೆ ಏನಿರಬೇಕು? ಬೇಗ ಹೋಗಿ ಗೆಳತಿಯರನ್ನು ಮಾಡಿಕೊಳ್ಳುತ್ತೇನೆ ಅನ್ನುತ್ತಾಳೆ.
– ಗದಗ

ಉತ್ತರ: ದೇಶಕ್ಕೆ ಕಾಲಿಟ್ಟ 8 ಕೆಲಸದ ದಿನಗಳೊಳಗೆ ವಾಸ್ತವ್ಯ ಪರವಾನಗಿಗೆ ಅಂಚೆ ಕಚೇರಿಯಲ್ಲಿ ಅರ್ಜಿ ಹಾಕಬೇಕು. ಕಾರ್ಡು ಬರುವವರೆಗೆ ಪಾಸ್‌ಪೋರ್ಟು ಮತ್ತು ಅಂಚೆ ರಸೀದಿ, ಬಂದ ಮೇಲೆ ಕಾರ್ಡು ಜೊತೆಗಿರಲಿ, ಪೊಲೀಸರು ಕೇಳಬಹುದು. ಎಲ್ಲದರ ಫೋಟೊ ನಿಮ್ಮ ಫೋನಿನಲ್ಲೂ ಇರಲಿ. ತುರ್ತಿಗೆ 112. ಹಿಂಬಾಲಿಸುವಿಕೆ, ದೌರ್ಜನ್ಯಕ್ಕೆ ಸಿಲುಕಿದ ಹೆಣ್ಣುಮಕ್ಕಳಿಗೆ 1522, ಹಗಲು-ರಾತ್ರಿ ಪುಕ್ಕಟೆ. ಭಾರತದ ಕಾನ್ಸುಲೇಟು ಮಿಲಾನ್‌ನಲ್ಲೇ ಇದೆ. ಫೋನನ್ನು ಹೊರಗಿನ ಮೇಜಿನ ಮೇಲೆ ಇಡಬಾರದು. ಊರ ನಡುವಿನ ದೊಡ್ಡ ಚರ್ಚು ದುವೊಮೊ ಮುಂದೆ ಕೈಗೆ ದಾರ ಕಟ್ಟಲು ಬರುವವರಿಗೆ ಕೈ ಕೊಡಬಾರದು, ಕಟ್ಟಿದ ಮೇಲೆ ದುಡ್ಡಿಗೆ ಗಂಟು ಬೀಳುತ್ತಾರೆ.

ಆದರೆ ಆಗಸ್ಟ್ ಹತ್ತು ಯಾಕೆ? 15ನೇ ತಾರೀಖಿನ ಫೆರ್ರಾಗೊಸ್ತೊ ರಜೆಯ ಆಚೀಚೆ ಊರಿಗೆ ಊರೇ ಸಮುದ್ರದ ಕಡೆ, ಬೆಟ್ಟದ ಕಡೆ ಹೋಗಿರುತ್ತದೆ. ಬಹಳ ಬಾರು, ಅಂಗಡಿಗಳ ಬಾಗಿಲು ಹಾಕಿರುತ್ತವೆ, ಗೆಳತಿಯರಾಗಬೇಕಾದವರೇ ಊರಲ್ಲಿರುವುದಿಲ್ಲ. ಟಿಕೆಟು ಬದಲಿಸಲು ಬರುವುದಾದರೆ ಸೆಪ್ಟೆಂಬರ್ ಮೊದಲ ವಾರಕ್ಕೆ ಹಾಕಿಸಿ.