ಕೈ ಎತ್ತಿದವರು ಎಷ್ಟು ಮಂದಿ?

ಡೊಂಬಿವಲಿಯ ಓದುಗರೊಬ್ಬರ ಪತ್ರ: "ನಮ್ಮ ಸಂಘ ಜುಲೈಯಲ್ಲಿ ಊರಿನ ಯಕ್ಷಗಾನ ಮೇಳ ಕರೆಸಿ 'ಕರ್ಣಪರ್ವ' ಆಡಿಸಿತು. ಅಂದೇ ಜಡಿಮಳೆ. ಲೋಕಲ್ ರೈಲು ನಿಂತಿತು, ಹಾಲ್ ಖಾಲಿ. 1,80,000 ರೂಪಾಯಿ ನಷ್ಟ. ವಾರ್ಷಿಕ ಸಭೆಯಲ್ಲಿ ಅದನ್ನು ಕಾರ್ಯದರ್ಶಿಯ ತಲೆಗೆ ಕಟ್ಟಿದರು. ಅವರು ರಾಜೀನಾಮೆ ಕೊಟ್ಟರು. ಆದರೆ ತಾರೀಖು ಗೊತ್ತು ಮಾಡಿದ್ದು ಕಮಿಟಿಯ 11 ಜನ. ಒಬ್ಬರನ್ನೇ ಹಿಡಿಯುವುದು ಸರಿಯೇ? ಹಾಗಂತ ಎಲ್ಲರೂ ಹೊಣೆ ಅಂದರೆ ಯಾರೂ ಹೊಣೆಯಲ್ಲ ಅಂದ ಹಾಗಾಗುವುದಿಲ್ಲವೇ?"

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಹೌದು, ಆಗುತ್ತದೆ. ಹತ್ತು ಜನ ಸೇರಿದಲ್ಲಿ ಹಾವು ಸಾಯದು ಅಂತ ನಮ್ಮ ಹಿರಿಯರು ಸುಮ್ನೆ ಹೇಳಲಿಲ್ಲ. ತೇರು ಎಳೆಯುವಾಗ ನೋಡಿ. ಹಗ್ಗ ಹಿಡಿದವರು ಇನ್ನೂರು, ಎಳೆಯುವವರು ಐವತ್ತು, ಉಳಿದವರದು ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಭಕ್ತಿ. ಫ್ರಾನ್ಸಿನ ರಿಂಗಲ್‌ಮನ್ ಎಂಬ ಕೃಷಿ ಎಂಜಿನಿಯರ್ ಜನರ ಕೈಯಲ್ಲಿ ಹಗ್ಗ ಎಳೆಸಿ ಅಳೆದ. 1913ರಲ್ಲಿ ಅವನು ಅಚ್ಚು ಹಾಕಿಸಿದ ಲೆಕ್ಕದಲ್ಲಿ, ಎಂಟು ಜನ ಸೇರಿದಾಗ ಒಬ್ಬೊಬ್ಬನೂ ಹಾಕಿದ ಬಲ ಒಂಟಿಯಾಗಿ ಎಳೆದಾಗಿನದರ ಅರ್ಧದಷ್ಟು. ಹಾಗಾಗಿ ಕೆಲಸಕ್ಕೆ ಒಬ್ಬರ ಹೆಸರು ಇರಬೇಕು. ಇದನ್ನು ಒಪ್ಪುತ್ತೇನೆ.

ಆದರೆ ಕೆಲಸಕ್ಕೆ ಒಬ್ಬರ ಹೆಸರು ಬರೆದಿಟ್ಟ ಕೂಡಲೇ ಉಳಿದ ಹತ್ತು ಜನ ಗಂಗಾಸ್ನಾನ ಮಾಡಿ ಎದ್ದವರಂತೆ ಆಗುತ್ತಾರಲ್ಲ, ಅದು ನನಗೆ ಸೇರುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಹದಿನಾಲ್ಕನೇ ವಯಸ್ಸಿಗೆ ನಾನು ಮುಂಬಯಿ ಫೋರ್ಟ್‌ನ ಒಂದು ಹೋಟೆಲಿನಲ್ಲಿ ಕ್ಲೀನರ್. ಹಗಲು ಟೇಬಲ್ ಒರೆಸುವುದು, ಸಂಜೆ ಕನ್ನಡ ರಾತ್ರಿಶಾಲೆ. ಒಂದು ಬೆಳಿಗ್ಗೆ ಸಾಂಬಾರಿನ ಹಂಡೆಯಿಂದ ಹಳಸಲು ವಾಸನೆ ಬಂತು. ಹಿಂದಿನ ದಿನ ಉಳಿದ ಬೇಳೆಯನ್ನು ಅದಕ್ಕೇ ಸುರಿಯಲು ಹೇಳಿದ್ದು ಧಣಿ. ಸುರಿದದ್ದು ಅಡುಗೆ ಭಟ್ಟರು. ರುಬ್ಬುವವನಿಗೆ ಗೊತ್ತು, ಸಪ್ಲೈಯರ್‌ಗೆ ಗೊತ್ತು, ಮೂಗಿದ್ದ ನನಗೂ ಗೊತ್ತು. ಯಾರೂ ತುಟಿ ಬಿಚ್ಚಲಿಲ್ಲ. ಹತ್ತು ಗಂಟೆಗೆ ಗಿರಾಕಿಗಳು ಗಲ್ಲಾದ ಮುಂದೆ ಕೂಗಾಡಿದರು. ಮಧ್ಯಾಹ್ನದೊಳಗೆ ಭಟ್ಟರ ಲೆಕ್ಕ ಚುಕ್ತಾ. ಅವರ ಟ್ರಂಕನ್ನು ಬಸ್ ಸ್ಟಾಪಿನ ತನಕ ನಾನೇ ಹೊತ್ತೆ. ದಾರಿಯಲ್ಲೂ ಬಾಯಿ ಬಿಡಲಿಲ್ಲ. ಅವರೂ ಕೇಳಲಿಲ್ಲ. ನನ್ನ ಕೈಗೆ ನಾಲ್ಕಾಣೆ ಇಟ್ಟು ಹತ್ತಿ ಹೋದರು.

ಆವತ್ತಿನಿಂದ ನನಗೆ ಒಂದು ಹುಚ್ಚು. ಏನಾದರೂ ಕೆಟ್ಟರೆ "ಸೌಟು ಯಾರ ಕೈಯಲ್ಲಿತ್ತು" ಅಂತ ಎಲ್ಲರೂ ಕೇಳುತ್ತಾರೆ. ನಾನು "ವಾಸನೆ ಯಾರಿಗೆ ಬಂದಿತ್ತು" ಅಂತ ಕೇಳುತ್ತೇನೆ.

ನಮ್ಮ ಮಾತಿನಲ್ಲೇ ಇದಕ್ಕೆ ಸಾಕ್ಷಿ ಇದೆ. ನನ್ನ ಕೈಯಿಂದ ಜಾರಿದರೆ "ಲೋಟ ಒಡೀತು". ಕೆಲಸದವಳ ಕೈಯಿಂದ ಜಾರಿದರೆ "ಒಡೆದು ಹಾಕಿದಳು". ಸಂಘದ ನಡಾವಳಿ ಪುಸ್ತಕ ತೆಗೆದು ನೋಡಿ. ಹಾಲ್ ತುಂಬಿದ ವರ್ಷ "ಸರ್ವರ ಸಹಕಾರದಿಂದ ಯಶಸ್ವಿಯಾಯಿತು". ಖಾಲಿಯಾದ ವರ್ಷ "ಕಾರ್ಯದರ್ಶಿಯವರ ಅಜಾಗರೂಕತೆಯಿಂದ".

ಇನ್ನೊಂದು ಕಡೆ ಯಾರ ಹೆಸರೂ ಬೇಡವಾದಾಗ ಮಳೆಯ ಹೆಸರು ಇದ್ದೇ ಇದೆ. 2017ರ ಸೆಪ್ಟೆಂಬರ್ 29ರಂದು ಮುಂಬಯಿಯ ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಕಿರಿದಾದ ಸೇತುವೆಯಲ್ಲಿ ನೂಕುನುಗ್ಗಲಾಗಿ 23 ಜನ ಸತ್ತರು. ಆ ಸೇತುವೆ ಸಾಲದು ಅಂತ ದಿನಾ ಹತ್ತಿ ಇಳಿಯುವವರಿಗೆಲ್ಲ ಗೊತ್ತಿತ್ತು. ರೈಲ್ವೆಯ ತನಿಖೆ ಕಾರಣ ಹೇಳಿದ್ದು ಜೋರು ಮಳೆ ಅಂತ. ಮಳೆ ಬಂದು ರಾಜೀನಾಮೆ ಕೊಡುತ್ತದೆಯೇ ಮಾರಾಯ್ರೆ?

ನಿಮ್ಮ ಕಾರ್ಯದರ್ಶಿಗೆ ಆ ಮಳೆಯ ನೆಪವೂ ಸಿಗಲಿಲ್ಲ ನೋಡಿ. ಜುಲೈ ಯಾಕೆ ಅಂತ ಸಭೆಯಲ್ಲಿ ಕೂಗಿದರಂತೆ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯಂದು ಮೇಳಗಳ ತಿರುಗಾಟ ಮುಗಿದು ಗೆಜ್ಜೆ ಬಿಚ್ಚಿದ ಮೇಲಲ್ಲವೇ ಊರಿನ ಕಲಾವಿದರಿಗೆ ಬಿಡುವು? ಮಳೆಗಾಲದಲ್ಲಿ ಮುಂಬಯಿ ತಿರುಗಾಟ ಅನ್ನುವುದು ನಾನು ಹುಡುಗನಾಗಿದ್ದಾಗಿನಿಂದ ಇದೆ. ಕೂಗಿದವರಿಗೆ ಇದು ಗೊತ್ತಿಲ್ಲದ್ದೇನಲ್ಲ.

ಕೆನಡಾದ ರಾಸ್ ಮತ್ತು ಸಿಕೋಲಿ ಎಂಬಿಬ್ಬರು 1979ರಲ್ಲಿ ಒಂದು ಮಜಾ ಅಧ್ಯಯನ ಪ್ರಕಟಿಸಿದರು. ಗಂಡ ಹೆಂಡತಿಯನ್ನು ಬೇರೆ ಬೇರೆ ಕೂರಿಸಿ, ಮನೆಗೆಲಸದಲ್ಲಿ ನಿಮ್ಮ ಪಾಲೆಷ್ಟು ಅಂತ ಕೇಳಿದರು. ಎರಡನ್ನೂ ಕೂಡಿದರೆ ಹೆಚ್ಚಿನ ಮನೆಗಳಲ್ಲಿ ನೂರಕ್ಕಿಂತ ಜಾಸ್ತಿ! ಜಗಳ ಶುರು ಮಾಡುವ ಪಾಲನ್ನೂ ತಮ್ಮದೇ ಹೆಚ್ಚು ಅಂದವರಿದ್ದರು. ಅಂದರೆ ಬರೀ ಜಂಬ ಅಲ್ಲ, ತಾನು ಮಾಡಿದ್ದು ತನಗೆ ನೆನಪಿರುತ್ತದೆ, ಬೇರೆಯವರದ್ದು ಕಾಣುವುದಿಲ್ಲ. ಕಾರ್ಯದರ್ಶಿ ಎಷ್ಟು ರಾತ್ರಿ ಟಿಕೆಟ್ ಪುಸ್ತಕ ಹಿಡಿದು ಮನೆ ಮನೆ ತಿರುಗಿದರು, ಆ ಹತ್ತು ಜನರಲ್ಲಿ ಯಾರು ಕಂಡಿದ್ದಾರೆ? (ನನ್ನ ಹೆಂಡತಿ ಇದನ್ನು ಓದಿ, "ನಿಮ್ಮ ಪಾಲು ಎಷ್ಟು ಅಂತ ಬರೆದಿಲ್ಲವಲ್ಲ" ಅಂದಳು. ಮುಂದೆ ಹೋಗೋಣ.)

ಹೌಸಿಂಗ್ ಸೊಸೈಟಿಯಲ್ಲಿ ಇರುವವರೇ ಅಲ್ವಾ ನೀವೆಲ್ಲ? ಮಹಾರಾಷ್ಟ್ರದ 1960ರ ಸಹಕಾರಿ ಕಾಯ್ದೆಯಲ್ಲಿ ಕಮಿಟಿಯ ತೀರ್ಮಾನಗಳಿಗೆ ಸದಸ್ಯರು ಒಟ್ಟಾಗಿಯೂ ಒಬ್ಬೊಬ್ಬರಾಗಿಯೂ ಹೊಣೆ. ನಿಮ್ಮ ಸಂಘಕ್ಕೆ ಆ ಕಾಯ್ದೆ ತಾಗದಿರಬಹುದು. ಆ ನ್ಯಾಯ ತಾಗಬಾರದೇ?

ಈಗ ನನ್ನ ಹಳೇ ಗೋಳು. ಮುಂಬಯಿಯ ಸಂಘಗಳಿಗೆ ಹುಡುಗರು ಬರುವುದಿಲ್ಲ, ಕನ್ನಡ ಬೇಡವಾಗಿದೆ ಅಂತ ಪ್ರತಿ ವೇದಿಕೆಯಲ್ಲೂ ಭಾಷಣ. ಯಾಕೆ ಬರಬೇಕು? ಸ್ಮರಣ ಸಂಚಿಕೆಯಲ್ಲಿ ಪುಟ ತುಂಬ ಫೋಟೋ ಅಧ್ಯಕ್ಷರದ್ದು. ಕುರ್ಚಿ ಹಾಕಿ, ಮೈಕ್‌ನವನಿಗೆ ಫೋನ್ ಮಾಡಿ, ಕೊನೆಗೆ ಬೈಗುಳ ತಿನ್ನುವುದು ಓಡಾಡಿದವನು. ಒಬ್ಬ ಹುಡುಗ ಒಮ್ಮೆ ನೋಡುತ್ತಾನೆ, ಎರಡನೇ ಸಲ ಹಿಂದಿನ ಸಾಲಿನಲ್ಲಿ ಕೂರುವುದನ್ನು ಕಲಿಯುತ್ತಾನೆ.

ಸಾಲದ್ದಕ್ಕೆ ಅಂದು ನೀವು ಆಡಿಸಿದ ಪ್ರಸಂಗವೂ ಕರ್ಣಪರ್ವ! ಕರ್ಣನನ್ನು ಕೊಂದೆ ಅಂತ ಬೀಗುವ ಅರ್ಜುನನಿಗೆ ಕೃಷ್ಣ ಲೆಕ್ಕ ಒಪ್ಪಿಸುವ ಮಾತನ್ನು ತಾಳಮದ್ದಲೆಯಲ್ಲಿ ಎಷ್ಟು ಸಲ ಕೇಳಿದ್ದೇವೆ! ಕುಂತಿ, ಇಂದ್ರ, ಭೂಮಿ, ಪರಶುರಾಮ, ನಾನು, ನೀನು. ಆರು ಜನ ಕೊಂದ ಕರ್ಣನಲ್ಲಿ ನಿನ್ನದು ಆರನೇ ಒಂದು ಪಾಲು. ನಿಮ್ಮ ಕಮಿಟಿಯವರು ಖಾಲಿ ಹಾಲ್‌ನಲ್ಲಿ ಮುಂದಿನ ಸಾಲಿನಲ್ಲೇ ಕುಳಿತಿದ್ದರಂತೆ. ಆ ಮಾತಿನ ಹೊತ್ತಿಗೆ ಚಹಾ ಕುಡಿಯಲು ಎದ್ದಿದ್ದರೋ ಏನೋ.

ತಾರೀಖಿಗೆ ಕೈ ಎತ್ತಿದವರ ಹೆಸರು ನಡಾವಳಿಯಲ್ಲಿ ಇದೆಯೇ ನೋಡಿ. ಇದ್ದರೆ ನಷ್ಟವನ್ನು 11 ಪಾಲು ಮಾಡಿ, ತಲಾ ಸುಮಾರು 16,400 ಬರುತ್ತದೆ. ಓಡಾಡಿದವರಿಗೆ ಬೇಕಾದರೆ ಸ್ವಲ್ಪ ರಿಯಾಯಿತಿ ಕೊಡಿ.

ನಿಮ್ಮ ಪತ್ರ ಚೆನ್ನಾಗಿದೆ, ಅಕ್ಷರವೂ ದುಂಡಗಿದೆ. "ನಾನೂ ಅಂದು ವಾರ್ಷಿಕ ಸಭೆಯಲ್ಲಿದ್ದೆ" ಅಂತ ಎರಡನೇ ಪುಟದಲ್ಲಿ ಬರೆದಿದ್ದೀರಿ. ಅಲ್ಲಿ ಎದ್ದು ನಿಂತು ಏನು ಹೇಳಿದಿರಿ ಅನ್ನುವುದು ಮಾತ್ರ ಮೂರನೇ ಪುಟದಲ್ಲೂ ಸಿಗಲಿಲ್ಲ. ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.

— ಸಂಪಾದಕ